ಪೈಪಿಗೆ ಕೌದಿ ಹೊದಿಸಿದ ಚಳಿಗಾಲ

ಅಮೆರಿಕದಿಂದ ವಾಪಸ್ ಬಂದು ವರ್ಷದ ಮೇಲಾಯಿತು. ಊರಲ್ಲಿ ಜನ ಈಗಲೂ ಕೇಳುವುದು ಎರಡೇ ಪ್ರಶ್ನೆ. ಒಂದು, ನಿಮ್ಮ ಮಾಮಂಗೆ ಅಲ್ಲಿ ಪಗಾರ ಎಷ್ಟು? ಎರಡು, ಅಷ್ಟು ಚಳಿಯಲ್ಲಿ ಮನೆಯೊಳಗೆ ಹೇಗಿರ್ತಾರೆ? ಮೊದಲನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ, ಅಕ್ಕ ಹೇಳಿಲ್ಲ. ಎರಡನೆಯದನ್ನು ಮಾತ್ರ ಚೆನ್ನಾಗಿ ಹೇಳಬಲ್ಲೆ. ಯಾಕೆಂದರೆ ಆ ಮೂರು ತಿಂಗಳಲ್ಲಿ ಅರ್ಧ ದಿನಗಳನ್ನು ನಾನು ಕಳೆದದ್ದು ಆ ಮನೆಯ ನೆಲಮಾಳಿಗೆಯಲ್ಲಿ, ಪೈಪುಗಳ ಕೆಳಗೆ.

ಅಕ್ಕನ ಬಾಣಂತನಕ್ಕೆ ಅವ್ವ ಹೋಗಬೇಕಿತ್ತು. ಅವ್ವ ರಾಯಚೂರು ದಾಟಿ ಒಬ್ಬಳೇ ಹೋದವಳಲ್ಲ, ಹಾಗಾಗಿ ಜೊತೆಗೆ ನಾನು. ಅಕ್ಕ, ಮಾಮ ಇರುವುದು ನ್ಯೂಯಾರ್ಕ್ ರಾಜ್ಯದಲ್ಲಿ. ಸಿನಿಮಾದಲ್ಲಿ ನೋಡುವ ಆ ದೊಡ್ಡ ನಗರವಲ್ಲ, ಅಲ್ಲಿಂದ ಉತ್ತರಕ್ಕೆ ಮೂರು ತಾಸಿನ ದಾರಿ, ಆಲ್ಬನಿ ಕಡೆಯ ಒಂದು ಹಳೇ ಊರು. ಜನವರಿಯ ರಾತ್ರಿ ಮೈನಸ್ ಹತ್ತು ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ. ಮನೆ ಕಟ್ಟಿದ್ದು 1920ರ ದಶಕದಲ್ಲಿ. ಹಳೇ ಮನೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಮಾಮ ತಗೊಂಡಿದ್ದರು. ಅದರ ಜೊತೆಗೇ ಬಂದದ್ದು ನೂರು ವರ್ಷ ಹಳೆಯ ಉಗಿ ವ್ಯವಸ್ಥೆ.

ಉಗಿಯಿಂದ ಮನೆ ಕಾಯಿಸುವುದು ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇಡ್ಲಿ ಪಾತ್ರೆ ನೆನಪಿಸಿಕೊಳ್ಳಿ. ಕೆಳಗೆ ನೀರು ಕುದಿಯುತ್ತದೆ, ಉಗಿ ಮೇಲೇಳುತ್ತದೆ, ತಣ್ಣಗಿನ ಮುಚ್ಚಳಕ್ಕೆ ತಾಗಿ ಮತ್ತೆ ಹನಿಯಾಗಿ ಕೆಳಗೆ ಬೀಳುತ್ತದೆ. ಆ ಮನೆಯೂ ಇಷ್ಟೇ. ನೆಲಮಾಳಿಗೆಯಲ್ಲಿ ಬಾಯ್ಲರ್. ಅದರಿಂದ ಹೊರಟ ದಪ್ಪ ಕಬ್ಬಿಣದ ಪೈಪು ನೆಲಮಾಳಿಗೆಯ ಸೂರಿಗೆ ನೇತುಬಿದ್ದು ಮನೆಯ ಉದ್ದಕ್ಕೂ ಹೋಗುತ್ತದೆ. ಅದರಿಂದ ಸಣ್ಣ ಪೈಪುಗಳು ಒಂದೊಂದು ಕೋಣೆಗೆ ಏರುತ್ತವೆ. ಕೋಣೆಯಲ್ಲಿ ರೇಡಿಯೇಟರ್ ಅಂತ ಬೀಡು ಕಬ್ಬಿಣದ ಒಂದು ಭಾರೀ ವಸ್ತು, ನೋಡಲಿಕ್ಕೆ ಸಾಲಾಗಿ ನಿಲ್ಲಿಸಿದ ಗೋಣಿಚೀಲದ ಹಾಗೆ. ಉಗಿ ಅದರೊಳಗೆ ಹೋಗಿ ನೀರಾಗುತ್ತದೆ. ನೀರಾಗುವಾಗ ಬಿಟ್ಟುಕೊಟ್ಟ ಶಾಖವೇ ಕೋಣೆಗೆ. ಆ ನೀರು ಅದೇ ಪೈಪಿನಲ್ಲಿ ಇಳಿಜಾರು ಹಿಡಿದು ಮತ್ತೆ ಬಾಯ್ಲರಿಗೆ ಬರುತ್ತದೆ. ಪಂಪು ಇಲ್ಲ, ಫ್ಯಾನು ಇಲ್ಲ. ಒತ್ತಡವೂ ಸೈಕಲ್ ಟಯರಿನಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ.

ಬಿಸಿನೀರು ಬಿದ್ದದ್ದಕ್ಕಿಂತ ಉಗಿ ತಾಗಿದರೆ ಹೆಚ್ಚು ಸುಡುತ್ತದೆ ಅಂತ ಅಡುಗೆ ಮಾಡುವವರಿಗೆಲ್ಲ ಗೊತ್ತು. ಕಾರಣ ಇದೆ. ಒಂದು ಲೀಟರ್ ಮಂಜಿನಷ್ಟು ತಣ್ಣಗಿನ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಆ ಕುದಿಯುವ ನೀರನ್ನು ಪೂರ್ತಿ ಉಗಿ ಮಾಡಲು ಅದರ ಐದು ಪಟ್ಟಿಗೂ ಹೆಚ್ಚು ಬೇಕು. ಆ ಶಾಖವೆಲ್ಲ ಉಗಿಯೊಳಗೆ ಅಡಗಿ ಕೂತಿರುತ್ತದೆ. ಉಗಿ ಎಲ್ಲಿ ನೀರಾಗುತ್ತದೋ ಅಲ್ಲೇ ಅದನ್ನು ಇಳಿಸುತ್ತದೆ. ಕೋಣೆಯಲ್ಲಿ ಇಳಿಸಿದರೆ ಕೋಣೆ ಬೆಚ್ಚಗೆ, ದಾರಿಯಲ್ಲಿ ಇಳಿಸಿದರೆ ದಾರಿ ಬೆಚ್ಚಗೆ.

ಅಕ್ಕನ ಮನೆಯಲ್ಲಿ ದಾರಿಯೇ ಬೆಚ್ಚಗಿತ್ತು.

ಡಿಸೆಂಬರ್ ಮೊದಲ ವಾರ ಕೂಸು ಹುಟ್ಟಿತು. ಬಾಣಂತಿ ಮತ್ತು ಕೂಸಿಗೆ ಅಂತ ಮಾಮ ಒಪ್ಪ ಮಾಡಿಟ್ಟ ಕೋಣೆ ಮನೆಯ ಹಿಂಭಾಗದ್ದು, ಅಡುಗೆಮನೆ ದಾಟಿ ಕೊನೆಯದು. ಬೆಳಕು ಚೆನ್ನಾಗಿತ್ತು, ಗದ್ದಲ ಇರಲಿಲ್ಲ. ಆದರೆ ಅಲ್ಲಿನ ರೇಡಿಯೇಟರ್ ಮುಟ್ಟಿದರೆ ತಣ್ಣಗೆ. ಮುಂದಿನ ಹಾಲಿನಲ್ಲಿ ಬನಿಯನ್ ಮೇಲೆ ಕೂರುವಷ್ಟು ಸೆಕೆ, ಹಿಂದಿನ ಕೋಣೆಯಲ್ಲಿ ಎರಡು ಕಂಬಳಿ ಸಾಲದು.

ಅವ್ವ ಮೊದಲ ದಿನವೇ ಹೇಳಿದಳು: "ಬಾಣಂತಿ ಮಲಗೋ ಖೋಲಿ ಹಿಂಗ ತಣ್ಣಗಿದ್ರ ಹ್ಯಾಂಗ ತಮ್ಮಾ? ನಮ್ಮ ಕಡಿ ದನಾನೂ ಹಿಂತಾ ಜಾಗದಾಗ ಕಟ್ಟಂಗಿಲ್ಲ."

ಊರಲ್ಲಾದರೆ ಕುಂಪಟಿಯಲ್ಲಿ ಕೆಂಡ ಹಾಕಿ ಮಂಚದ ಹತ್ತಿರ ಇಡುತ್ತಿದ್ದಳು. ಅಲ್ಲಿ ಊದಿನಕಡ್ಡಿ ಹಚ್ಚಿದರೇ ಸೂರಿನಲ್ಲಿರುವ ಹೊಗೆ ಪೆಟ್ಟಿಗೆ ಕಿರುಚುತ್ತದೆ. ಲೋಬಾನ ಹಾಕಿದ ದಿನ ಅದು ಕೂಗಿದ್ದಕ್ಕೆ ಪಕ್ಕದ ಮನೆಯವರು ಓಡಿಬಂದಿದ್ದರು. ಕರೆಂಟಿನ ಹೀಟರ್ ಇಟ್ಟೆವು. ಹಳೇ ವೈರಿಂಗು, ಹೀಟರ್ ಜೊತೆ ಮೈಕ್ರೋವೇವ್ ಹಚ್ಚಿದರೆ ಫ್ಯೂಸ್ ಹೋಗುತ್ತಿತ್ತು. ಮೇಲಾಗಿ ಕೂಸಿನ ಬಟ್ಟೆ, ಹಾಸಿಗೆ ಹತ್ತಿರ ಕೆಂಪಗೆ ಕಾದ ತಂತಿ ಇಟ್ಟು ಯಾರಿಗೆ ನಿದ್ದೆ ಬರುತ್ತದೆ? ಅವ್ವ ರಾತ್ರಿ ಪೂರ್ತಿ ಕಾವಲು ಕೂರುತ್ತಿದ್ದಳು.

ಮಾಮ ಒಂದು ಕಂಪನಿಯವರನ್ನು ಕರೆಸಿದರು. ಅವರು ಬಂದು ಹತ್ತು ನಿಮಿಷ ನೋಡಿ, ಬಾಯ್ಲರ್ ಸಣ್ಣದಾಯಿತು, ದೊಡ್ಡದು ಹಾಕಿಸಿ ಅಂದರು. ಅವರು ಹೇಳಿದ ಮೊತ್ತ ಕೇಳಿ ಮಾಮನ ಮುಖ ಇಳಿಯಿತು. ಆಸ್ಪತ್ರೆ ಬಿಲ್ಲು ಆಗಲೇ ಮೇಜಿನ ಮೇಲಿತ್ತು.

ಇಲ್ಲಿ ನನಗೆ ನೆನಪಾದದ್ದು ನಮ್ಮ ಕಾಲುವೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಊರು. 220 ಕಿಲೋಮೀಟರಿಗೂ ಉದ್ದದ ಕಾಲುವೆ. ಡ್ಯಾಮಿನಲ್ಲಿ ನೀರಿದ್ದರೂ ನಮ್ಮ ಹೊಲಕ್ಕೆ ಬಾರದ ವರ್ಷಗಳನ್ನು ಈ ಬಳಗದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಗೇಟಿನ ಹತ್ತಿರ ಇನ್ನಷ್ಟು ನೀರು ಬಿಟ್ಟರೆ ಮೇಲಿನವರು ಇನ್ನಷ್ಟು ಭತ್ತ ಹಚ್ಚುತ್ತಾರೆ, ನಮಗೆ ಬರುವುದು ಅದೇ ಹಸಿ ಮಣ್ಣಿನ ವಾಸನೆ. ದಾರಿಯಲ್ಲಿ ಎಷ್ಟು ಹೋಗುತ್ತಿದೆ ಅಂತ ಯಾರೂ ನೋಡದೆ ಮೂಲದಲ್ಲಿ ಹೆಚ್ಚು ಮಾಡಿ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಅನುಮಾನ ಬರುತ್ತದೆ. ಕಾಲುವೆ ಸೀಮೆಯಲ್ಲಿ ಹುಟ್ಟಿದವರ ರೋಗ ಇದು.

ಎದುರು ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಎಂಬತ್ತರ ಹತ್ತಿರ ವಯಸ್ಸು, ಜೀವನವಿಡೀ ಪ್ಲಂಬರ್ ಕೆಲಸ ಮಾಡಿದವರು. ಕೂಸು ನೋಡಲು ಬಂದವರು ಹಿಂದಿನ ಕೋಣೆಯ ಚಳಿ ನೋಡಿ, ನೆಲಮಾಳಿಗೆಗೆ ಇಳಿಯೋಣ ಅಂದರು. ಅಲ್ಲಿ ಕಾಲಿಟ್ಟರೆ ಬೇಸಿಗೆಯ ರಾಯಚೂರು! ಯಾರೂ ವಾಸವಿರದ ಜಾಗ, ಬಾಯ್ಲರ್, ಎಣ್ಣೆ ಟ್ಯಾಂಕು, ಬಟ್ಟೆ ಒಗೆಯುವ ಮಷಿನ್ ಬಿಟ್ಟರೆ ಏನಿಲ್ಲ. ಅಜ್ಜ ಬಾಯ್ಲರಿನ ಕಡೆ ನೋಡಲೇ ಇಲ್ಲ. ಕತ್ತೆತ್ತಿ ಪೈಪಿನ ಕಡೆ ಕೈ ತೋರಿಸಿದರು. ಬೋಳು ಕಬ್ಬಿಣ, ನಲವತ್ತೈದು ಅಡಿ.

ಅವರು ಹೇಳಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಎರಡು ಇಂಚಿನ ಬೋಳು ಉಗಿ ಪೈಪು ಒಂದೊಂದು ಅಡಿಗೂ ಹೆಚ್ಚುಕಡಿಮೆ ಒಂದು 60 ವ್ಯಾಟಿನ ಹಳೇ ಬಲ್ಬು ಉರಿದಷ್ಟು ಶಾಖ ಹೊರಗೆ ಬಿಡುತ್ತದೆ. ನಲವತ್ತೈದು ಅಡಿಗೆ ನಲವತ್ತೈದು ಬಲ್ಬು. ಯಾರೂ ಇಲ್ಲದ ನೆಲಮಾಳಿಗೆಯಲ್ಲಿ, ಬಾಯ್ಲರ್ ಓಡುವಷ್ಟು ಹೊತ್ತೂ. ಅಷ್ಟು ಶಾಖ ಕಳೆದುಕೊಂಡ ಉಗಿ ಪೈಪಿನೊಳಗೇ ನೀರಾಗುತ್ತದೆ. ಉಳಿದ ಉಗಿ ನಿಧಾನಕ್ಕೆ ಮುಂದೆ ತೆವಳುತ್ತದೆ. ಇತ್ತ ಮನೆಯ ಚಳಿ ಸೆಕೆ ನೋಡಿ ಬಾಯ್ಲರನ್ನು ಹಚ್ಚಿ ಆರಿಸುವ ಪೆಟ್ಟಿಗೆ ಇರುವುದು ಮುಂದಿನ ಹಾಲಿನ ಗೋಡೆಯಲ್ಲಿ. ಹಾಲಿನ ರೇಡಿಯೇಟರ್ ಮೊದಲು ಕಾಯುತ್ತದೆ, ಪೆಟ್ಟಿಗೆ ಸಾಕು ಅಂತ ಬಾಯ್ಲರ್ ಆರಿಸುತ್ತದೆ. ಹಿಂದಿನ ಕೋಣೆಗೆ ಉಗಿ ತಲುಪುವ ಮೊದಲೇ ಗೇಟ್ ಬಂದ್. ದೊಡ್ಡ ಬಾಯ್ಲರ್ ತಂದಿದ್ದರೆ ಹಾಲು ಇನ್ನೂ ಬೇಗ ಕಾಯುತ್ತಿತ್ತು, ಗೇಟು ಇನ್ನೂ ಬೇಗ ಬೀಳುತ್ತಿತ್ತು.

ರಾತ್ರಿ ಪೈಪಿನಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಧಡ್ ಧಡ್ ಶಬ್ದ ಬರುತ್ತಿತ್ತು, ಕೂಸು ಬೆಚ್ಚಿ ಏಳುತ್ತಿತ್ತು. ಅದಕ್ಕೂ ಇದೇ ಮೂಲ ಅಂದರು ಅಜ್ಜ. ದಾರಿಯಲ್ಲಿ ನೀರಾದದ್ದು ಎಲ್ಲಾದರೂ ತಗ್ಗಿನಲ್ಲಿ ನಿಂತರೆ, ಹಿಂದಿನಿಂದ ಬರುವ ಉಗಿ ಅದನ್ನು ಎತ್ತಿ ಮೊಳಕೈ ತಿರುವಿಗೆ ಹೊಡೆಯುತ್ತದೆ.

ಹಾಗಾದರೆ ನೂರು ವರ್ಷದ ಹಿಂದೆ ಕಟ್ಟಿದವರು ಪೈಪು ಬೋಳು ಬಿಟ್ಟಿದ್ದರೇ? ಇಲ್ಲ. ಬಾಯ್ಲರ್ ಪಕ್ಕದಲ್ಲಿ ಎಂಟು ಅಡಿ ಪೈಪಿಗೆ ಬಿಳಿ ಹೊದಿಕೆ ಇನ್ನೂ ಇತ್ತು. ಹೊರಗೆ ಬಟ್ಟೆ, ಒಳಗೆ ರಟ್ಟಿನ ಡಬ್ಬದಲ್ಲಿರುವಂಥ ಅಲೆಅಲೆಯ ಕಾಗದ, ತಿರುವುಗಳಲ್ಲಿ ಸುಣ್ಣದ ಗಾರೆಯಂಥದ್ದು. ಒಂದು ಕಡೆ ಹರಿದು ಜೋತುಬಿದ್ದಿತ್ತು. ಅದನ್ನು ನೋಡಿದ ತಕ್ಷಣ ಅಜ್ಜ ನನ್ನ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಎಳೆದರು. ಮುಟ್ಟಬೇಡ, ಗುಡಿಸಬೇಡ, ಅದು ಆಸ್ಬೆಸ್ಟಾಸ್.

ಆ ಕಾಲದಲ್ಲಿ ಅಲ್ಲಿ ಉಗಿ ಪೈಪಿಗೆಲ್ಲ ಹಾಕುತ್ತಿದ್ದುದು ಅದನ್ನೇ. ಆಸ್ಬೆಸ್ಟಾಸ್ ಅಂದರೆ ನೆಲದಿಂದ ಅಗೆದು ತೆಗೆಯುವ, ನಾರುನಾರಾದ ಕಲ್ಲು. ಬೆಂಕಿಗೆ ಬಗ್ಗುವುದಿಲ್ಲ, ಶಾಖ ಬಿಡುವುದಿಲ್ಲ, ಅಗ್ಗ. ಆದರೆ ಅದರ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದದ್ದು ಅಲ್ಲೇ ನೆಡುತ್ತದೆ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ನಂತರ. ಪೈಪಿಗೆ ಇಂಥ ಹೊದಿಕೆ ಹಾಕುವುದನ್ನು ಅಮೆರಿಕ 1975ರಲ್ಲಿ ನಿಲ್ಲಿಸಿತು. ಆಮೇಲೆ ಬಹಳ ಮನೆಗಳಲ್ಲಿ ಆದದ್ದೇ ಇಲ್ಲೂ ಆಗಿತ್ತು: ಹಿಂದಿನ ಮಾಲೀಕರು ಹೆದರಿ ಹಳೇ ಹೊದಿಕೆ ಬಹುಪಾಲು ತೆಗೆಸಿದ್ದರು, ಬದಲಿಗೆ ಹೊಸದು ಹಾಕಿಸಿರಲಿಲ್ಲ. ಪೈಪು ಬೋಳಾಯಿತು, ಕೊನೇ ಕೋಣೆ ತಣ್ಣಗಾಯಿತು.

ಅಕ್ಕನಿಗೆ ಕುತ್ತಿದ್ದು ಚಳಿಯ ಮಾತಲ್ಲ. ಆ ಹರಿದ ಹೊದಿಕೆಯಿಂದ ನಾಲ್ಕು ಮಾರು ದೂರದಲ್ಲೇ ಬಟ್ಟೆ ಒಗೆಯುವ ಮಷಿನ್ ಇತ್ತು. ಕೂಸಿನ ಬಟ್ಟೆ ದಿನಕ್ಕೆರಡು ಸಲ ಅಲ್ಲೇ ಒಗೆದು, ಅಲ್ಲೇ ಮಡಚುತ್ತಿದ್ದೆವು. ಅವತ್ತಿನಿಂದ ನೆಲಮಾಳಿಗೆಗೆ ಬೀಗ. ಬಟ್ಟೆಯನ್ನು ಅವ್ವ ಬಾತ್‌ರೂಮಿನಲ್ಲಿ ಬಕೆಟ್ ಇಟ್ಟುಕೊಂಡು ಕೈಯಲ್ಲೇ ಒಗೆದಳು. ಲೈಸೆನ್ಸ್ ಇದ್ದವರು ಬಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು, ಹೌದು ಅಂತ ವರದಿ ಬಂತು. ಆಮೇಲೆ ಒಂದು ದಿನ ನಾಲ್ಕು ಜನ ಬಂದರು. ಮೈತುಂಬ ಬಿಳಿ ಉಡುಪು, ಮುಖಕ್ಕೆ ಡಬ್ಬಿಯಂಥ ಮಾಸ್ಕು. ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿ, ಗಾಳಿ ಹೊರಗೆ ಸೋರದಂತೆ ಮಷಿನ್ ಇಟ್ಟು, ಹೊದಿಕೆಗೆ ನೀರು ಸಿಂಪಡಿಸಿ ನೆನೆಸಿ, ಚೀಲಕ್ಕೆ ತುಂಬಿ ಒಯ್ದರು. ಕೊನೆಗೆ ಗಾಳಿಯ ಪರೀಕ್ಷೆಯನ್ನೂ ಮಾಡಿದರು. ಎಂಟಡಿ ತೆಗೆಸಿದ ಖರ್ಚು ಆಮೇಲೆ ಇಡೀ ಪೈಪಿಗೆ ಹೊಸದು ಹಾಕಿದ್ದಕ್ಕಿಂತ ಎಷ್ಟೋ ಪಟ್ಟು. ಮಾಮ ಆ ದುಡ್ಡಿನ ಬಗ್ಗೆ ಮಾತಾಡಲಿಲ್ಲ.

ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಅವ್ವ ಕೇಳಿದಳು: "ಆಸ್ಬೆಸ್ಟಾಸ್ ಅಂದ್ರ ನಮ್ಮ ಮನಿ ಮ್ಯಾಲಿನ ಶೀಟ್ ಅಲ್ಲೇನೋ?"

ಹೌದು. ಎಲ್ಲ ಸಿಮೆಂಟ್ ಶೀಟಿನಲ್ಲೂ ಅಂತಲ್ಲ, ಈಗ ಆಸ್ಬೆಸ್ಟಾಸ್ ಇಲ್ಲದ ಶೀಟೂ ಬರುತ್ತದೆ. ಆದರೆ ನಮ್ಮ ಊರುಗಳ ಹಳೇ ಸಿಮೆಂಟ್ ಶೀಟುಗಳಲ್ಲಿ ಇರುವುದು ಬಿಳಿ ಆಸ್ಬೆಸ್ಟಾಸ್. ಅರವತ್ತಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಹೊರದೇಶದಿಂದ ತರಿಸಿ ಶೀಟು ಮಾಡುವುದು ಈಗಲೂ ನಡೆದಿದೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕು ಅಂತ ಹೇಳಿತು. ರೋಗ ಎಷ್ಟು ತಡವಾಗಿ ಬರುತ್ತದೆ ಅನ್ನುವುದು ಆ ಒಂದು ಸಂಖ್ಯೆಯಲ್ಲೇ ಇದೆ.

ಆದರೆ ಪೈಪಿನ ಹೊದಿಕೆಗೂ ಶೀಟಿಗೂ ಒಂದು ವ್ಯತ್ಯಾಸ ಇದೆ, ಅದನ್ನು ಹೇಳದಿದ್ದರೆ ಸುಮ್ಮನೆ ಹೆದರಿಸಿದ ಹಾಗಾಗುತ್ತದೆ. ಪೈಪಿನ ಹೊದಿಕೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿರುತ್ತದೆ, ಸುಮ್ಮನೆ ಮೇಲಿದ್ದರೆ ಅಷ್ಟು ಉದುರುವುದಿಲ್ಲ. ಕಟರ್ ಹಚ್ಚಿ ಕೊಯ್ದಾಗ, ತೂತು ಹೊಡೆದಾಗ, ಒಡೆದು ಚೂರನ್ನು ದಾರಿಯ ಗುಂಡಿಗೆ ಸುರಿದು ಟ್ರ್ಯಾಕ್ಟರ್ ಓಡಿಸಿದಾಗ ಧೂಳು ಏಳುತ್ತದೆ. ಆ ಧೂಳೇ ಅಪಾಯ. ಅಪ್ಪ ಅದೇ ವಾರ ದನದ ಕೊಟ್ಟಿಗೆಗೆ ಹಳೇ ಶೀಟು ಕೊಯ್ಸಲು ಕಟರ್ ಮಷಿನ್ ಬಾಡಿಗೆಗೆ ಹೇಳಿದ್ದರು. ಅವ್ವ ರಾತ್ರಿ ವಿಡಿಯೋ ಕಾಲ್ ಮಾಡಿ ಜೋರು ಜಗಳ ತೆಗೆದಳು. ತಗಡು ಹಾಕು ಅಂದರೆ ಬೇಸಿಗೆಯಲ್ಲಿ ದನ ಬೇಯುತ್ತವೆ, ದುಡ್ಡೂ ಹೆಚ್ಚು, ಇದು ಅಪ್ಪನ ವಾದ. ಸುಳ್ಳಲ್ಲ. ಕೊನೆಗೆ ಕೊಯ್ಯದೆ ಇಡೀ ಶೀಟನ್ನೇ ಒಂದರ ಮೇಲೊಂದು ಜಾಸ್ತಿ ಹೊರಳಿಸಿ ಹಾಕಿದರು. ಕೊಟ್ಟಿಗೆಯ ಸೂರು ಎರಡಡಿ ಹೊರಗೆ ಚಾಚಿಕೊಂಡು ಈಗಲೂ ಹಾಗೇ ಇದೆ. ನೀವೂ ಕೊಯ್ಯಲೇಬೇಕಾದರೆ ನೀರು ಹಾಕಿ ನೆನೆಸಿ, ಕೈಗರಗಸದಲ್ಲಿ, ಬಯಲಲ್ಲಿ, ಒಳ್ಳೆ ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಕೊಯ್ಯಿರಿ. ಒಣ ಕಸಬರಿಗೆ ಬೇಡ.

ಮತ್ತೆ ಪೈಪಿಗೆ ಬರೋಣ. ಅಲ್ಲಿ ಈಗ ಹಾಕುವುದು ಗಾಜಿನ ನಾರಿನ ಹೊದಿಕೆ, ಫೈಬರ್‌ಗ್ಲಾಸ್. ಮೂರು ಮೂರು ಅಡಿ ಉದ್ದದ ಕೊಳವೆಗಳು, ಒಂದು ಇಂಚು ದಪ್ಪ, ಉದ್ದಕ್ಕೂ ಒಂದು ಸೀಳು, ಹೊರಗೆ ಬಿಳಿ ಕಾಗದ. ಸೀಳು ಅಗಲಿಸಿ ಪೈಪಿಗೆ ತೊಡಿಸಿ, ಅಂಟಿನ ಪಟ್ಟಿ ಎಳೆದು ಒತ್ತಿದರೆ ಆಯಿತು. ಅಂಗಡಿಯಲ್ಲಿ ಕರಿ ಫೋಮಿನ ಅಗ್ಗದ ಕೊಳವೆಯೂ ಸಿಗುತ್ತದೆ. ಅದು ನಲ್ಲಿ ಪೈಪಿಗೆ ಸರಿ. ಉಗಿಯ ಪೈಪು ನೂರು ಡಿಗ್ರಿ ದಾಟುತ್ತದೆ, ಫೋಮು ಕರಗಿ ಅಂಟುತ್ತದೆ. ಇನ್ನೊಂದು, ಎರಡು ಇಂಚಿನ ಪೈಪು ಅಂದರೆ ಅದರ ಹೊರಮೈ ಅಳತೆ ಎರಡು ಇಂಚಲ್ಲ, ಎರಡೂ ಕಾಲಿಗಿಂತ ಸ್ವಲ್ಪ ಹೆಚ್ಚು. ಹೊದಿಕೆ ಕೊಳ್ಳುವಾಗ ಕಬ್ಬಿಣದ ಪೈಪಿನ ಅಳತೆ ಅಂತ ಹೇಳಿಯೇ ಕೇಳಬೇಕು ಅಂತ ಅಜ್ಜ ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ಬಾಯ್ಲರ್ ಆರಿಸಿ, ಪೈಪು ಪೂರ್ತಿ ತಣ್ಣಗಾದ ಮೇಲೆ ಕೆಲಸ. ಬಾಣಂತಿಯನ್ನು ಅಷ್ಟು ಹೊತ್ತು ಚಳಿಯಲ್ಲಿ ಕೂರಿಸುವ ಹಾಗಿಲ್ಲ, ಹಾಗಾಗಿ ಬಿಸಿಲಿದ್ದ ಎರಡು ಮಧ್ಯಾಹ್ನ ಆರಿಸಿಕೊಂಡೆವು. ನಾನು ಏಣಿ ಮೇಲೆ, ಮಾಮ ಕೆಳಗೆ ಕೊಯ್ದುಕೊಡಲು, ಅಜ್ಜ ಕುರ್ಚಿ ಹಾಕಿಕೊಂಡು ಬೈಯಲು. ನೇರ ಪೈಪು ಸಲೀಸು. ಮೊಳಕೈ ತಿರುವುಗಳೇ ಕಷ್ಟ, ಅಲ್ಲಿಗೆ ಕೊಳವೆಯನ್ನು ಓರೆಯಾಗಿ ಕೊಯ್ದು ಜೋಡಿಸಬೇಕು. ಗಾಜಿನ ನಾರು ಮೈಗೆ ತಾಗಿದರೆ ನಸುಗುನ್ನಿ ಕಾಯಿ ಉಜ್ಜಿದ ಹಾಗೆ ತುರಿಕೆ. ತುಂಬುತೋಳಿನ ಅಂಗಿ, ಗ್ಲೌಸು, ಮಾಸ್ಕು, ಕನ್ನಡಕ ಬೇಕೇ ಬೇಕು. ಎಲ್ಲವನ್ನೂ ಮುಚ್ಚುವ ಹಾಗೂ ಇಲ್ಲ. ಪೈಪಿನ ತುದಿಯಲ್ಲಿ ಗಾಳಿ ಬಿಡುವ ಪುಟ್ಟ ಬುರುಡೆ ಇರುತ್ತದೆ. ಉಗಿ ಬರುವ ಮುಂದೆ ಪೈಪಿನೊಳಗಿನ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು, ಅದನ್ನು ಮುಚ್ಚಬಾರದು. ಬಾಯ್ಲರಿನ ಸುರಕ್ಷತಾ ವಾಲ್ವು, ನೀರಿನ ಮಟ್ಟ ತೋರಿಸುವ ಗಾಜು, ಒತ್ತಡ ನೋಡುವ ಪೆಟ್ಟಿಗೆ, ಹೊಗೆ ಹೋಗುವ ಕೊಳವೆಯ ಹತ್ತಿರ, ಇಲ್ಲೆಲ್ಲ ಹೊದಿಕೆ ಬೇಡ. ಕೋಣೆಯೊಳಗಿನ ರೇಡಿಯೇಟರಿಗಂತೂ ಬೇಡವೇ ಬೇಡ, ಶಾಖ ಕೊಡುವುದೇ ಅದರ ಕೆಲಸ.

ಒಂದು ಇಂಚಿನ ಹೊದಿಕೆ ಪೈಪಿನಿಂದ ಸೋರುವ ಶಾಖದ ಐದರಲ್ಲಿ ನಾಲ್ಕು ಪಾಲನ್ನಾದರೂ ತಡೆಯುತ್ತದೆ. ಕೆಲಸ ನೋಡಲು ಇಳಿದುಬಂದ ಅವ್ವ ಬಿಳಿ ಪೈಪು ಸವರಿ ನೋಡಿ ಅಂದಳು: "ಛಲೋ ಆತು ಬಿಡು, ಅದಕ್ಕೊಂದು ಕೌದಿ ಹೊಚ್ಚೀರಿ."

ಆ ರಾತ್ರಿ ನಾನು ಮೊಬೈಲಿನಲ್ಲಿ ಹೊತ್ತು ಹಿಡಿದು ಹಿಂದಿನ ಕೋಣೆಯಲ್ಲಿ ಕೂತೆ. ಮೊದಲು ಬಾಯ್ಲರ್ ಹಚ್ಚಿ ನಲವತ್ತು ನಿಮಿಷವಾದರೂ ಆ ರೇಡಿಯೇಟರ್ ತಣ್ಣಗೇ ಇರುತ್ತಿತ್ತು. ಈಗ ಹದಿನೆಂಟನೇ ನಿಮಿಷಕ್ಕೆ ಅದರ ಗಾಳಿ ಬುರುಡೆ ಸುಸ್ ಅಂತು, ಕೆಳಗಿನ ಮೂಲೆ ಬೆಚ್ಚಗಾಯಿತು, ಸ್ವಲ್ಪ ಹೊತ್ತಿಗೆ ಕೈ ಇಡಲಾಗಲಿಲ್ಲ. ಅಕ್ಕ ಕೂಸಿನ ಟೋಪಿ ತೆಗೆದಳು. ಕರೆಂಟ್ ಹೀಟರ್ ಪ್ಲಗ್ಗು ಕಿತ್ತು ಮಂಚದ ಕೆಳಗೆ ಹೋಯಿತು. ಪೈಪಿನ ಬಡಿತ ಪೂರ್ತಿ ನಿಲ್ಲಲಿಲ್ಲ. ಒಂದು ಕಡೆ ಪೈಪಿನ ಕೊಂಡಿ ಸಡಿಲಾಗಿ ಜೋತುಬಿದ್ದು ನೀರು ನಿಲ್ಲುತ್ತಿತ್ತು. ಅದನ್ನು ಎತ್ತಿ ಕಟ್ಟಿದ ಮೇಲೆ ನಿಂತಿತು.

ಅವ್ವ ಆ ರಾತ್ರಿ ಕಾವಲು ಕೂರದೆ ಮಲಗಿದಳು. ಬಂದು ಮೂರು ವಾರದಲ್ಲಿ ಅದೇ ಮೊದಲು.

ಎರಡು ದಿನದ ನಂತರ ಬೆಳಗ್ಗೆ ಅಡುಗೆಮನೆಯಲ್ಲಿ ಗೊಣಗಾಟ. ದೋಸೆ ಹಿಟ್ಟು ಉಬ್ಬಿರಲಿಲ್ಲ, ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಇತ್ತು. ಬೀಗ ಹಾಕಿದ್ದ ದಿನಗಳನ್ನು ಬಿಟ್ಟರೆ ಅವ್ವ ಅಲ್ಲಿಗೆ ಹೋದಾಗಿನಿಂದ ಹಿಟ್ಟಿನ ಪಾತ್ರೆ, ಮೊಸರಿನ ಗಡಿಗೆ ಇಡುತ್ತಿದ್ದುದು ನೆಲಮಾಳಿಗೆಯಲ್ಲಿ, ಆ ಬೋಳು ಪೈಪಿನ ಕೆಳಗೆ. ಈಗ ಅಲ್ಲಿ ಚಳಿ. ತಿರುವಿನ ಹತ್ತಿರ ಎರಡಡಿ ಹೊದಿಕೆ ಬಿಚ್ಚಿಕೊಡು ಅಂತ ಅವ್ವ ಎರಡು ದಿನ ಬೆನ್ನು ಬಿದ್ದಳು, ಅಜ್ಜನ ಹತ್ತಿರವೂ ಕೈಸನ್ನೆಯಲ್ಲಿ ಕೇಳಿದಳು. ಅವರು ನಕ್ಕು ತಲೆಯಾಡಿಸಿದರು. ಕೊನೆಗೆ ಅಕ್ಕನೇ ದಾರಿ ತೋರಿಸಿದಳು: ಅಡುಗೆಮನೆಯ ಓವನ್ನು ಹಚ್ಚದೆ, ಅದರೊಳಗಿನ ಬಲ್ಬು ಮಾತ್ರ ಹಾಕಿ, ರಾತ್ರಿ ಹಿಟ್ಟಿನ ಪಾತ್ರೆ ಅದರಲ್ಲಿಟ್ಟು ಬಾಗಿಲು ಮುಚ್ಚುವುದು. ಬೆಳಗ್ಗೆ ಹಿಟ್ಟು ಪಾತ್ರೆ ಮೀರಿ ಉಕ್ಕಿತ್ತು.